ಬಿಳಿ ಗೆರೆಯ ದಿಕ್ಕು

ಅಳತೆಯಕ್ಕನ ಕೋಣೆಯೊಳಗೆ ಯಾರ ಹೆಸರಿಗೂ ಪ್ರವೇಶವಿರಲಿಲ್ಲ. ಬೆನ್ನುಗಳು ಮಾತ್ರ ಬರುತ್ತಿದ್ದವು, ಅವೂ ಚಿತ್ರಗಳಾಗಿ, ಮೂಲೆಯಲ್ಲಿ ಒಂದೊಂದು ಸಂಖ್ಯೆ ಅಂಟಿಸಿಕೊಂಡು. ಹೆಸರು, ವಯಸ್ಸು, ಸ್ಕ್ಯಾನ್ ಮಾಡಿದ ತಾರೀಖು ಎಲ್ಲವನ್ನೂ ಮೇಲಿನ ಮಹಡಿಯಲ್ಲೇ ಅಳಿಸಿ, ಇಸ್ಪೀಟು ಎಲೆ ಕಲಸಿದ ಹಾಗೆ ಕಲಸಿ ಕೆಳಗೆ ಕಳಿಸುತ್ತಿದ್ದರು. ಯಾವ ಸಂಖ್ಯೆ ಯಾರದು, ಯಾವುದು ಮೊದಲಿನದು, ಯಾವುದು ಆಮೇಲಿನದು ಎಂಬ ಪಟ್ಟಿ ಒಂದೇ ಒಂದು ಪ್ರತಿ ಇತ್ತು. ಅದು ದೊಡ್ಡ ಡಾಕ್ಟರ ಕೋಣೆಯ ಸ್ಟೀಲ್ ಬೀರುವಿನಲ್ಲಿತ್ತು.

ಅದು ಬೆನ್ನುಹುರಿಗೆ ಪೆಟ್ಟು ಬಿದ್ದವರ ಆಸ್ಪತ್ರೆ. ಏಣಿಯಿಂದ ಬಿದ್ದವರು, ಗಾಡಿಗೆ ಸಿಕ್ಕವರು, ಆಳ ನೋಡದೆ ನೀರಿಗೆ ಧುಮುಕಿದವರು ಅಲ್ಲಿ ತಿಂಗಳುಗಟ್ಟಲೆ ಇದ್ದು ಕೂರುವುದನ್ನು, ಮಗ್ಗುಲಾಗುವುದನ್ನು, ವೀಲ್‌ಚೇರ್ ತಳ್ಳುವುದನ್ನು ಹೊಸದಾಗಿ ಕಲಿಯುತ್ತಿದ್ದರು. ಎರಡು ವರ್ಷದಿಂದ ಅಲ್ಲೊಂದು ಸಂಶೋಧನೆ ನಡೆದಿತ್ತು. ಪೆಟ್ಟಾದ ಜಾಗದಲ್ಲಿ ಹುರಿ ಪೂರ್ತಿ ತುಂಡಾಗುವುದು ಅಪರೂಪ. ಗಾಯದ ಪಕ್ಕದಲ್ಲಿ ನೂಲಿನಷ್ಟಾದರೂ ಉಳಿದಿರುತ್ತದೆ. ಉಳಿದದ್ದಕ್ಕೆ ಅವರು ಸೇತುವೆ ಎನ್ನುತ್ತಿದ್ದರು. ಸೇತುವೆ ಎಷ್ಟು ಅಗಲವಿದ್ದರೆ ಮನುಷ್ಯ ಎಷ್ಟು ಚೇತರಿಸಿಕೊಂಡಾನು ಎಂಬುದು ಪ್ರಶ್ನೆ. ಅದಕ್ಕಾಗಿ ಒಬ್ಬೊಬ್ಬರಿಗೂ ಮೊದಲ ತಿಂಗಳು, ನಾಲ್ಕನೇ ತಿಂಗಳು, ಎಂಟನೇ ತಿಂಗಳು, ಆಮೇಲೆ ವರ್ಷ ತುಂಬಿದಾಗ ಎಂಆರ್‌ಐ ಮಾಡುತ್ತಿದ್ದರು. ಆ ಚಿತ್ರಗಳಲ್ಲಿ ಸೇತುವೆಯನ್ನು ಹುಡುಕಿ, ಅಳೆದು, ಅಂಕಣದಲ್ಲಿ ತುಂಬುವುದು ಅಳತೆಯಕ್ಕನ ಕೆಲಸ. ತಾರೀಖು ಮುಚ್ಚಿಡುವುದಕ್ಕೂ ಕಾರಣವಿತ್ತು. ಇದು ಕೊನೆಯ ಚಿತ್ರ ಎಂದು ಗೊತ್ತಾದರೆ ಸೇತುವೆ ದಪ್ಪವಾಗಿರಲಿ ಎಂದು ಮನಸ್ಸು ಆಸೆಪಡುತ್ತದೆ, ಮನಸ್ಸು ಆಸೆಪಟ್ಟದ್ದನ್ನೇ ಕೈ ಅಳೆಯುತ್ತದೆ. ದೊಡ್ಡ ಡಾಕ್ಟರು ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿದ್ದರು.

ಅವಳ ಅಪ್ಪ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿಯುತ್ತಿದ್ದವರು. ಹೇಳಿದ ಗಡಿಯನ್ನು ಅಳೆ, ಪಕ್ಕದ ಹೊಲದ ಉಸಾಬರಿ ನಿನಗೆ ಬೇಡ ಎಂದು ಮಗಳಿಗೆ ಕಲಿಸಿದ್ದರು. ಮಗಳು ಆ ಮಾತನ್ನು ಕಚ್ಚಿ ಹಿಡಿದಿದ್ದಳು. ಅವಳನ್ನು ಪರೀಕ್ಷಿಸಲೆಂದು ಮೇಲಿನವರು ಆಗಾಗ ಹಳೆಯ ಚಿತ್ರಕ್ಕೇ ಬೇರೆ ಸಂಖ್ಯೆ ಅಂಟಿಸಿ ಕಳ್ಳತನದಿಂದ ಮತ್ತೆ ಕಳಿಸುವುದಿತ್ತು. ಎರಡು ಸಲದ ಅಳತೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬರುತ್ತಿತ್ತು. ಜಂಭ ಇತ್ತೇ ಎಂದು ಕೇಳಿದರೆ, ಇತ್ತು. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಕಣ್ಣು ಸವೆಸಿದವಳಿಗೆ ಅಷ್ಟು ಜಂಭವೂ ಬೇಡವೆಂದರೆ ಹೇಗೆ?

ಬೀಗದಣ್ಣನನ್ನು ಆ ಆಸ್ಪತ್ರೆಯಲ್ಲಿ ಅರಿಯದವರಿರಲಿಲ್ಲ. ಬೀಗ ರಿಪೇರಿಯವನು, ನಲವತ್ತರ ಆಸುಪಾಸು. ಬೀಗದಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡ ಒಬ್ಬಾಕೆಯ ಮನೆಗೆ ಹೋಗಿ, ಒಂದು ನಿಮಿಷದ ಬೀಗವನ್ನು ತೆಗೆಯುವುದು ಬಿಟ್ಟು, ಕಿಟಕಿ ತೆರೆದಿದೆಯಲ್ಲ ಎಂದು ಎರಡನೇ ಮಹಡಿಯ ಅಂಚಿನ ಮೇಲೆ ನಡೆದವನು. ಬಿದ್ದ ಪೆಟ್ಟಿಗೆ ಬೆನ್ನುಮೂಳೆಯ ಸಾಲಿನಲ್ಲಿ ಎದೆಯ ಭಾಗದ ನಾಲ್ಕನೇ ಮೂಳೆಯ ಮಟ್ಟದಲ್ಲಿ ಹುರಿ ಜಜ್ಜಿತು. ಅಲ್ಲಿಂದ ಕೆಳಗೆ ಮೈ ತನ್ನದಲ್ಲ ಎಂಬಂತಾಯಿತು. ಆದರೆ ಕೈ ಉಳಿದಿತ್ತು. ಕಾಲು ಹೋದರೆ ಹೋಗಲಿ, ಬೀಗವನ್ನೇನು ನಾನು ಕಾಲಲ್ಲಿ ತೆಗೀತೀನಾ ಎಂದು ಅವನು ವಾರ್ಡಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಮೂರನೇ ತಿಂಗಳಿನಲ್ಲೇ ನರ್ಸುಗಳ ಔಷಧಿ ಬೀರುವಿನ ಬೀಗದಕೈ ಕಳೆದಾಗ, ಒಂದು ತಂತಿ, ಒಂದು ಚಪ್ಪಟೆ ಕಡ್ಡಿ ತೆಗೆದುಕೊಂಡು, ಕಣ್ಣು ಮುಚ್ಚಿ, ಮೂವತ್ತು ಎಣಿಸುವುದರೊಳಗೆ ತೆರೆದು ಕೊಟ್ಟಿದ್ದ. ಕಣ್ಣು ಯಾಕೆ ಮುಚ್ಚಿದೆ ಎಂದರೆ, ಬೀಗದ ಒಳಗೆ ಕಣ್ಣಿಗೇನು ಕೆಲಸ, ಅಲ್ಲಿ ಬೆರಳೇ ನೋಡಬೇಕು ಎಂದಿದ್ದ.

ಅವನ ಹೆಂಡತಿ ಒಂದು ಹೋಟೆಲಿನ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ರಜೆಯ ದಿನ ಮಾತ್ರ ಬರುತ್ತಿದ್ದಳು. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದವಳು ಅತ್ತೆ. ಸಣಕಲು ಮೈ, ದೊಡ್ಡ ಬಾಯಿ. ಅಳಿಯನ ಕುರ್ಚಿಯನ್ನು ಯಾರಿಗೂ ತಳ್ಳಲು ಬಿಡುತ್ತಿರಲಿಲ್ಲ. ಮಗಳನ್ನು ಕೊಟ್ಟಾಗ ಇವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು, ಈಗ ಆ ಕಾಲನ್ನು ನಾನೇ ಎತ್ತಿಡುವ ಹಾಗಾಯಿತು ಎಂದು ಅವನೆದುರಿಗೇ ಹೇಳಿ ನಗಿಸುತ್ತಿದ್ದಳು. ಅವಳೇ ಓಡಾಡಿ ಮನೆಯ ಹತ್ತಿರ ಮೆಟ್ಟಿಲಿಲ್ಲದ ಒಂದು ಸಣ್ಣ ಅಂಗಡಿ ಗೊತ್ತು ಮಾಡಿದ್ದಳು. ಬಡಗಿ ಕೂತವನ ಎತ್ತರಕ್ಕೆ ಮೇಜು ಮಾಡಿ ಮುಗಿಸಿದ್ದ. ಆ ಮನೆಯ ಉಳಿದ ಬದುಕೆಲ್ಲ ಈಗ ಬೀಗದಣ್ಣನ ಹತ್ತು ಬೆರಳಿನ ಮೇಲೆ ನಿಂತಿತ್ತು.

ಬೀಗದಣ್ಣನಿಗೆ ಒಂದು ಹಳೆಯ ತಮಾಷೆಯಿತ್ತು. ಅವನ ಬೆನ್ನಿನಲ್ಲಿ ಎದೆಯ ಏಳನೇ ಮೂಳೆ ಮತ್ತು ಎಂಟನೇ ಮೂಳೆ ಹುಟ್ಟಿನಿಂದಲೇ ಅಂಟಿಕೊಂಡಿದ್ದವಂತೆ. ಅದರಿಂದ ತೊಂದರೆ ಏನಿಲ್ಲ ಎಂದು ಡಾಕ್ಟರು ಹೇಳಿದ್ದರು. ಇವನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಅಳತೆಯಕ್ಕನಿಗೂ ಅದನ್ನು ಹೇಳಿದ್ದ. ದೇವರು ಹಾಕಿದ ಬೀಗ ಅಕ್ಕಾ ಅದು, ಅದರ ಬೀಗದಕೈ ಮಾತ್ರ ನನ್ನ ಹತ್ತಿರವೂ ಇಲ್ಲ ಎಂದಿದ್ದ. ಅವಳು ನಕ್ಕಿದ್ದಳು. ಆಗ ಅದು ಬರಿಯ ನಗೆಯ ಮಾತಾಗಿತ್ತು.

ಎರಡು ತಿಂಗಳ ನಂತರ ಒಂದು ಹೊಸ ಕಟ್ಟು ಚಿತ್ರಗಳು ಬಂದವು, ಮೂವತ್ತಾರು. ಹದಿನೇಳನೆಯದನ್ನು ತೆರೆದಾಗ ಅವಳ ಕಣ್ಣಿಗೆ ಬಿದ್ದದ್ದು ಸೇತುವೆಯಲ್ಲ, ಅದರ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಮೂಳೆಗಳು. ಎದೆಯ ಏಳು, ಎಂಟು. ಇಪ್ಪತ್ತೊಂಬತ್ತರಲ್ಲಿ ಮತ್ತೆ ಅವೇ. ಮೂವತ್ತನಾಲ್ಕರಲ್ಲೂ ಅವೇ.

ಅಳೆಯುವವರಿಗೆ ಚಿತ್ರದ ಗುರುತು ಸಿಕ್ಕರೆ ತಕ್ಷಣ ಹೇಳಬೇಕು, ಅವರು ಮುಟ್ಟಿದ ಕಟ್ಟು ಪೂರ್ತಿ ಬೇರೆಯವರ ಕೈಗೆ ಹೋಗಬೇಕು. ಹಾಗೆಂದು ನಿಯಮ. ಅಳತೆಯಕ್ಕ ಹೇಳಲಿಲ್ಲ. ಮೂವತ್ತಾರು ಚಿತ್ರ ಇನ್ನೊಬ್ಬರ ತಲೆಗೆ ಕಟ್ಟುವುದು ಯಾಕೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನೆಪ. ನಿಜವೆಂದರೆ ಅವಳಿಗೆ ನೋಡಬೇಕಿತ್ತು. ಎರಡು ವರ್ಷ ಹೆಸರಿಲ್ಲದ ಬೆನ್ನುಗಳನ್ನೇ ನೋಡಿ ನೋಡಿ, ಮೊದಲ ಸಲ ಒಂದು ಬೆನ್ನಿನ ಹಿಂದೆ ನಗುವ ಮುಖ ಸಿಕ್ಕಿತ್ತು.

ಮೂರೂ ಚಿತ್ರದಲ್ಲಿ ಸೇತುವೆ ಒಂದೇ ಅಗಲ, ಒಳ್ಳೆಯ ಅಗಲ. ಅದನ್ನು ಅಂಕಣಕ್ಕೆ ತುಂಬಿದಳು. ಆದರೆ ಮೂರರಲ್ಲೂ ಗಾಯದಿಂದ ಮೇಲಕ್ಕೆ, ಹುರಿಯ ನಟ್ಟನಡುವೆ, ಒಂದು ಬಿಳಿ ಗೆರೆ ಹೊರಟಿತ್ತು. ಒಂದರಲ್ಲಿ ಅದು ಒಂದು ಮೂಳೆಯಷ್ಟು ಗಿಡ್ಡ. ಇನ್ನೊಂದರಲ್ಲಿ ಎದೆಯ ಮೊದಲ ಮೂಳೆಯವರೆಗೆ. ಮತ್ತೊಂದರಲ್ಲಿ ಕತ್ತಿನ ಏಳನೇ ಮೂಳೆ ಮುಟ್ಟುವಷ್ಟು ಉದ್ದ. ಬಿಳಿ ಗೆರೆಗೆ ಅವಳ ಕಾಗದದಲ್ಲಿ ಅಂಕಣವಿರಲಿಲ್ಲ. ಪಕ್ಕದ ಹೊಲ.

ಅಂಕಣವಿಲ್ಲದಿದ್ದರೂ ಅವಳಿಗೆ ಅರ್ಥ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಳು. ಪೆಟ್ಟಾದ ಮೊದಲ ವಾರಗಳಲ್ಲಿ ಹುರಿ ಬಾತುಕೊಳ್ಳುತ್ತದೆ. ಆ ಬಾವು ಚಿತ್ರದಲ್ಲಿ ಬೆಳ್ಳಗೆ, ಉದ್ದಕ್ಕೆ ಚಾಚಿ ಕಾಣುತ್ತದೆ. ತಿಂಗಳು ಕಳೆದಂತೆ ಇಳಿಯುತ್ತದೆ. ಅಂದಮೇಲೆ ಉದ್ದದ್ದು ಮೊದಲ ತಿಂಗಳಿನದು, ನಡುವಿನದು ನಾಲ್ಕನೆಯದು, ಗಿಡ್ಡದು ಎಂಟನೆಯದು. ಉದ್ದ, ನಡು, ಗಿಡ್ಡ ಎಂದು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಳು. ಬೀಗದಣ್ಣ ಚೇತರಿಸಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಉದ್ದದ ಗೆರೆಯ ಅಂಚು ಚಾಕುವಿನಲ್ಲಿ ಕೊರೆದ ಹಾಗೆ ಚೂಪಾಗಿದೆಯಲ್ಲ, ಬಾವಿನ ಅಂಚು ಮಸುಕಾಗಿರಬೇಕಲ್ಲ ಎಂದು ಒಂದು ಕ್ಷಣ ಕಣ್ಣು ತಡವರಿಸಿತು. ಕಣ್ಣನ್ನು ಅವಳು ಮುಂದಿನ ಚಿತ್ರಕ್ಕೆ ಎಳೆದುಕೊಂಡು ಹೋದಳು.

ಅದಾದ ವಾರದೊಳಗೆ ಅತ್ತೆ ಕ್ಯಾಂಟೀನಿನಲ್ಲಿ ಅವಳ ಎದುರಿಗೆ ಬಂದು ಕೂತಳು. ಎಂದಿನ ಗತ್ತು ಇರಲಿಲ್ಲ. ಅಳಿಯಂದಿರು ಕೆಮ್ಮಿದರೆ, ಸೀನಿದರೆ ಹೆಗಲಿನಿಂದ ತೋಳಿಗೆ ನೋವು ಹೊಡೆಯುತ್ತದಂತೆ, ಯಾರಿಗೂ ಹೇಳಬೇಡಿ ಎನ್ನುತ್ತಾರೆ, ಹೇಳಿದರೆ ಮನೆಗೆ ಕಳಿಸುವುದು ತಡ ಮಾಡುತ್ತಾರೆಂದು ಭಯ. ವಾರ್ಡಿನ ಡಾಕ್ಟರಿಗೆ ತೋರಿಸಲೇ ಬೇಡವೇ ಎಂದು ಕೇಳಿದಳು. ವೀಲ್‌ಚೇರ್ ತಳ್ಳುವವರಿಗೆ ಹೆಗಲು ನೋಯುವುದು ಹೊಸದಲ್ಲ. ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಅಳತೆಯಕ್ಕ ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುದುಕಿಯ ಕಣ್ಣು ತುಂಬಿತ್ತು, ಇವಳ ಬಾಯಲ್ಲಿ ಒಳ್ಳೆಯ ಸುದ್ದಿ ತುಂಬಿತ್ತು.

"ಅಮ್ಮ, ನಾನು ಹೇಳಿದೆ ಅಂತ ಎಲ್ಲೂ ಹೇಳಬಾರದು," ಎಂದಳು. "ನಾನು ನೋಡಿದ್ದೀನಿ. ಒಳಗಿನ ಬಾವು ಇಳೀತಾ ಇದೆ. ಚೆನ್ನಾಗಿ ಇಳೀತಾ ಇದೆ."

ಅತ್ತೆ ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡಳು. ಹೋದ ಜೀವ ಬಂತು ತಾಯಿ ಎಂದಳು. ಡಾಕ್ಟರ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದ ಸದ್ದು ಅಳತೆಯಕ್ಕನಿಗೆ ಕೇಳಿಸಿದ್ದು ಐದು ವಾರದ ನಂತರ.

ಆ ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ ಕಸುಬು ಕಲಿಸುವ ಒಂದು ಕೋಣೆಯಿತ್ತು. ಬೀಗದಣ್ಣನಿಗೆ ಅಲ್ಲೊಂದು ಮೇಜು, ಲೋಹ ಬಿಗಿದಿಡಲು ಒಂದು ವೈಸ್, ವಿದ್ಯುತ್ತಿನ ಸಾಣೆ ಚಕ್ರ ಕೊಟ್ಟಿದ್ದರು. ಅಳತೆಯಕ್ಕನ ಮೇಜಿನ ಡ್ರಾಯರಿನ ಬೀಗದಕೈ ಕಳೆದು ವರ್ಷವಾಗಿತ್ತು. ಒಂದು ಮಾಡಿಕೊಡುತ್ತೇನೆಂದು ಅವನೇ ಹಟ ಹಿಡಿದಿದ್ದ. ಅವಳು ಹೋದಾಗ ಚಕ್ರ ಕಿರ್ರೆಂದು ತಿರುಗುತ್ತಿತ್ತು. ಅವನು ಬೀಗದಕೈಯನ್ನು ಬರಿಬೆರಳಲ್ಲಿ ಹಿಡಿದು ಚಕ್ರಕ್ಕೆ ಒತ್ತಿದ್ದ, ಬಹಳ ಹೊತ್ತಿನಿಂದ ಒತ್ತಿದ್ದಿರಬೇಕು. ಅತ್ತೆ ಪಕ್ಕದಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಚಕ್ರ ನಿಲ್ಲಿಸಿ, ಎಣ್ಣೆ ಒರೆಸಿ, ಅವನು ಅದನ್ನು ಅಳತೆಯಕ್ಕನ ಅಂಗೈಯಲ್ಲಿಟ್ಟ.

ಅವಳು ಕೂಗಿ ಕೈ ಕೊಡವಿದಳು. ಬೀಗದಕೈ ನೆಲಕ್ಕೆ ಬಿದ್ದು ಟಣ್ಣೆಂದಿತು. ಕಾದ ಹಂಚು ಮುಟ್ಟಿದ ಹಾಗೆ ಅಂಗೈ ಕೆಂಪಾಗಿ ಬರೆ ಎದ್ದಿತ್ತು.

ಬೀಗದಣ್ಣ ನಕ್ಕ. ಕಂಪ್ಯೂಟರ್ ಮುಂದೆ ಕೂತವರ ಕೈ ಬೆಣ್ಣೆ ಎಂದ. ಅತ್ತೆಯೂ ನಕ್ಕಳು, ನಮ್ಮ ಅಳಿಯಂದಿರಿಗೆ ಈಗ ಇಕ್ಕಳವೇ ಬೇಡ, ಇಲ್ಲಿಯ ಅಡುಗೆಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಇಳಿಸುತ್ತಾರೆ, ಕುರ್ಚಿಯ ಚಕ್ರ ತಳ್ಳಿ ತಳ್ಳಿ ಕೈ ಕಬ್ಬಿಣವಾಗಿದೆ ಎಂದು ಹೆಮ್ಮೆಯಿಂದ ಹೇಳಿದಳು. ಅಳತೆಯಕ್ಕ ಅವನ ಕೈ ತೋರಿಸಿ ಎಂದಳು. ಹೆಬ್ಬೆರಳಿನ ತುದಿಯಲ್ಲಿ, ತೋರುಬೆರಳಿನ ತುದಿಯಲ್ಲಿ ನೀರು ತುಂಬಿದ ಬೊಬ್ಬೆಗಳು. ಒಂದು ಈಗಿನದು, ಎರಡು ಹಳೆಯವು. ಅವು ಯಾವಾಗ ಬಂದವೋ ತನಗೆ ಗೊತ್ತೇ ಇಲ್ಲವೆಂದ. ಅವನ ದನಿಯಲ್ಲಿ ಚಿಂತೆಯ ಸುಳಿವೂ ಇರಲಿಲ್ಲ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮೂರೂ ಚಿತ್ರಗಳನ್ನು ಮತ್ತೆ ತೆರೆದಳು. ಹದಿನೇಳು, ಇಪ್ಪತ್ತೊಂಬತ್ತು, ಮೂವತ್ತನಾಲ್ಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಹುರಿಯಲ್ಲಿ ಬಿಳಿಯಾಗಿ ಕಾಣುವುದು ಬಾವೂ ಆಗಬಹುದು, ನೀರು ತುಂಬಿದ ಟೊಳ್ಳೂ ಆಗಬಹುದು. ಬಾವು ಇಳಿಯುತ್ತದೆ. ಟೊಳ್ಳು ಕೆಲವರಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಹುರಿಯ ನಡುವನ್ನು ಕೊರೆಯುತ್ತ ಮೇಲೇರುತ್ತದೆ. ನಡುವೆ ಹಾದುಹೋಗುವುದು ಬಿಸಿ ಮತ್ತು ನೋವಿನ ಸುದ್ದಿ ಒಯ್ಯುವ ಎಳೆಗಳು. ಮೊದಲು ಅವು ಸಾಯುತ್ತವೆ. ಮುಟ್ಟಿದ್ದು ತಿಳಿಯುತ್ತದೆ, ಸುಟ್ಟದ್ದು ತಿಳಿಯುವುದಿಲ್ಲ. ಆಮೇಲೆ, ಕತ್ತಿನ ಬುಡದ ಮೂಳೆಗಳ ಮಟ್ಟಕ್ಕೆ ಬಂದಾಗ, ಬೆರಳಿನ ಬಲ ಹೋಗುತ್ತದೆ. ಇನ್ನೂ ಮೇಲೆ, ಕತ್ತಿನ ನಾಲ್ಕನೇ ಮೂಳೆಯ ಮಟ್ಟದಲ್ಲಿ, ಉಸಿರಾಟ ನಡೆಸುವ ನರದ ಬುಡವಿದೆ. ಇದೆಲ್ಲ ಅವಳಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದದ್ದೇ. ಅಂಚು ನೋಡಿದಳು. ಚೂಪು, ಚಾಕುವಿನಲ್ಲಿ ಕೊರೆದ ಹಾಗೆ.

ಗಿಡ್ಡ, ನಡು, ಉದ್ದ. ಸಾಲು ಅದಾಗಿದ್ದರೆ ಗೆರೆ ಇಳಿಯುತ್ತಿಲ್ಲ, ಏರುತ್ತಿದೆ.

ಬೇರೆ ಯಾರೂ ಇದನ್ನು ನೋಡಲಿಲ್ಲವೇ ಎಂದು ನೀವು ಕೇಳಬಹುದು. ಸಂಶೋಧನೆಯ ಸ್ಕ್ಯಾನ್ ತಾನೇ, ಅವರು ನೋಡುತ್ತಾರೆ ಎಂದು ವಾರ್ಡಿನವರು ತಿಳಿದಿದ್ದರು. ರೋಗಿ ವಾರ್ಡಿನವನು ತಾನೇ, ಅವರು ನೋಡುತ್ತಾರೆ ಎಂದು ಸಂಶೋಧನೆಯವರು ತಿಳಿದಿದ್ದರು. ಮೂರು ಚಿತ್ರಗಳನ್ನೂ ಒಟ್ಟಿಗೆ ಕಂಡ ಕಣ್ಣು ಆ ಕಟ್ಟಡದಲ್ಲಿ ಅಳತೆಯಕ್ಕನದೊಂದೇ.

ದೊಡ್ಡ ಡಾಕ್ಟರು ಬೇರೆ ಊರಿಗೆ ಸಭೆಗೆ ಹೋಗಿದ್ದರು, ಸೋಮವಾರ ಬರುವವರು. ಅಂದು ಗುರುವಾರ. ಫೋನ್ ಮೇಜಿನ ಮೇಲೇ ಇತ್ತು. ಫೋನ್ ಮಾಡಿದರೆ ಗುರುತು ಸಿಕ್ಕಿದ್ದನ್ನು ಮುಚ್ಚಿಟ್ಟದ್ದು ಹೇಳಬೇಕು, ಅತ್ತೆಗೆ ಹೇಳಿದ್ದು ಹೇಳಬೇಕು. ಅಷ್ಟೂ ಹೇಳಿದ ಮೇಲೆ ಉದ್ದದ ಗೆರೆ ಮೊದಲ ತಿಂಗಳಿನದೇ ಆಗಿಬಿಟ್ಟರೆ? ಬೊಬ್ಬೆ ನಿಜವಾಗಿ ಗಟ್ಟಿ ಚರ್ಮದ್ದೇ ಆಗಿದ್ದರೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಅವಳಿಗೆ ಕನ್ನಡಿ ಬೇಕಾಗಿತ್ತು. ಪಟ್ಟಿಯನ್ನು ಒಂದು ಸಲ ನೋಡಬೇಕು, ಆಮೇಲೆ ಫೋನ್ ಎಂದು ನಿಶ್ಚಯಿಸಿದಳು. ಹೇಡಿತನಕ್ಕೆ ಅವಳು ಎಚ್ಚರಿಕೆ ಎಂದು ಹೆಸರಿಟ್ಟುಕೊಂಡಿದ್ದಳು.

ಡಾಕ್ಟರ ಕೋಣೆಗೆ ಬೀಗ ಹಾಕುತ್ತಿರಲಿಲ್ಲ, ಬೀರುವಿಗೆ ಹಾಕುತ್ತಿದ್ದರು. ಅದನ್ನು ತೆರೆಯಲು ಆ ಕಟ್ಟಡದಲ್ಲಿ ಒಬ್ಬನೇ ಇದ್ದ.

ಮರುದಿನ ಊಟದ ಹೊತ್ತಿಗೆ, ಮೇಲಿನ ಮಹಡಿ ಖಾಲಿಯಾದಾಗ, ಅತ್ತೆ ಅಳಿಯನನ್ನು ಲಿಫ್ಟಿನಲ್ಲಿ ತಂದಳು. ಬೀರುವಿನ ಬೀಗದಕೈ ಕಳೆದಿದೆ, ಡಾಕ್ಟರು ಬರುವ ಮುಂಚೆ ಒಂದು ಕಾಗದ ಬೇಕು ಎಂದು ಅಳತೆಯಕ್ಕ ಹೇಳಿದ್ದಳು. ಸುಳ್ಳು ಹೇಳುವಾಗ ಸುಟ್ಟ ಅಂಗೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದಳು. ಕೋಣೆಯಲ್ಲಿ ಒಗೆದ ಪರದೆಯ ವಾಸನೆ, ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಬೆನ್ನುಮೂಳೆ. ಬೀಗದಣ್ಣ ಬೀರುವನ್ನು ನೋಡಿ ಮೂಗು ಮುರಿದ. ಔಷಧಿ ಬೀರುವಿಗೆ ಇದು ತಮ್ಮ, ಮೂವತ್ತು ಎಣಿಸಿ ಎಂದ. ತಂತಿ, ಕಡ್ಡಿ ತೆಗೆದು, ಕಣ್ಣು ಮುಚ್ಚಿದ.

ಅತ್ತೆ ತಮಾಷೆಗೆ ಜೋರಾಗಿ ಎಣಿಸತೊಡಗಿದಳು. ಹನ್ನೆರಡಕ್ಕೆ ತಂತಿ ಬೆರಳಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಎತ್ತಿಕೊಟ್ಟಳು. ಇಪ್ಪತ್ತಾರಕ್ಕೆ ಮತ್ತೆ ಬಿತ್ತು. ಮೂವತ್ತಾಯಿತು, ಅರವತ್ತಾಯಿತು. ತೊಂಬತ್ತರ ಹತ್ತಿರ ಅವಳು ಎಣಿಸುವುದನ್ನು ನಿಲ್ಲಿಸಿದಳು. ಬೀಗದಣ್ಣನ ಹಣೆಯಲ್ಲಿ ಬೆವರು. ತಂತಿಯನ್ನು ಬೆರಳ ತುದಿಯಲ್ಲಿ ಹಿಡಿಯಲಾಗದೆ ಮುಷ್ಟಿಯಲ್ಲಿ ಹಿಡಿದಿದ್ದ, ಮಗು ಚಮಚ ಹಿಡಿಯುವ ಹಾಗೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದುಂಡಗೆ ಇರಬೇಕಾದ ಮಾಂಸ ಒಳಕ್ಕೆ ಕುಸಿದಿತ್ತು. ಅದನ್ನು ಅಳತೆಯಕ್ಕ ನಿನ್ನೆ ನೋಡಿರಲಿಲ್ಲ, ಬೊಬ್ಬೆ ನೋಡುವ ಗಡಿಬಿಡಿಯಲ್ಲಿ. ಈಗ ನೋಡಿದಳು. ಪಟ್ಟಿಯ ಅಗತ್ಯ ಅಲ್ಲಿಗೆ ಮುಗಿಯಿತು.

ಬೀಗದಣ್ಣ ಕಣ್ಣು ತೆರೆದ. ಮೊದಲು ಬೀಗವನ್ನು ನೋಡಿದ, ಆಮೇಲೆ ಅವಳನ್ನು.

"ಬೀಗ ಕೆಟ್ಟಿದೆ ಅಕ್ಕಾ," ಎಂದ. "ಕೈ ಅಲ್ಲ. ಕೈಗೆ ಏನೂ ಆಗಿಲ್ಲ. ನೀವೇ ಹೇಳಿದ್ರಂತಲ್ಲ ಅತ್ತೆ ಹತ್ರ, ಒಳಗೆ ಎಲ್ಲಾ ಇಳೀತಾ ಇದೆ ಅಂತ."

ಅವನ ಕುರ್ಚಿಯ ಎದುರು ಅವಳು ನೆಲದ ಮೇಲೆ ಕೂತಳು. ನಿಂತು ಹೇಳುವ ಮಾತಾಗಿರಲಿಲ್ಲ. ಅಂಟಿದ ಎರಡು ಮೂಳೆಯಿಂದ ಹಿಡಿದು ನಿನ್ನೆಯ ಬರೆಯವರೆಗೆ ಎಲ್ಲವನ್ನೂ ಹೇಳಿದಳು. ತಾರೀಖಿಲ್ಲದ ಮೂರು ಚಿತ್ರಗಳನ್ನು ತಾನು ಹಿಂದುಮುಂದಾಗಿ ಜೋಡಿಸಿಕೊಂಡದ್ದು, ತಾನು ಇಳಿಯುತ್ತಿದೆ ಎಂದದ್ದು ಏರುತ್ತಿರುವುದು, ಈ ಬೀರುವಿನ ಬೀಗದಕೈ ಕಳೆದೇ ಇಲ್ಲದಿರುವುದು. ಬೀಗದಣ್ಣ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಮಾತಾಡಿದವಳು ಅತ್ತೆ. ಬೈಯುತ್ತಾಳೆಂದು ಅಳತೆಯಕ್ಕ ಕಾದಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕೆಮ್ಮಿದ್ರೆ ನೋವು ಅಂತಾರೆ, ಡಾಕ್ಟರಿಗೆ ತೋರಿಸ್ಲಾ ಅಂತ ಕೇಳೋಕ್ಕೆ ಬಂದಿದ್ದೆ ತಾಯಿ ನಾನು," ಎಂದಳು. "ಅಷ್ಟೇ ಕೇಳಿದ್ದು."

ಆಮೇಲೆ ಫೋನ್. ಐದು ವಾರದಲ್ಲಿ ಮಾಡದ ಕೆಲಸವನ್ನು ಐದು ನಿಮಿಷದಲ್ಲಿ ಮಾಡಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು. ದೊಡ್ಡ ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಈಗಲೇ ಸ್ಕ್ಯಾನ್ ಮಾಡಿಸಿ, ನರದ ಶಸ್ತ್ರಚಿಕಿತ್ಸೆಯವರಿಗೆ ನಾನೇ ಹೇಳುತ್ತೇನೆ ಎಂದರು. ಕೈ ಸರಿಹೋದೀತೇ ಎಂದು ಅವಳು ಕೇಳದೆ ಇರಲಾಗದೆ ಕೇಳಿದಳು. ಟೊಳ್ಳಿನ ನೀರು ಹರಿದುಹೋಗಲು ದಾರಿ ಮಾಡಿದರೆ ಏರುವುದು ನಿಲ್ಲಬಹುದು ಎಂದರು. ಹೋದ ಬಲ ಸಾಮಾನ್ಯವಾಗಿ ಹೋದದ್ದೇ. ಐದು ವಾರ ಮುಂಚೆ ಆಗಿದ್ದರೆ ಎಂದು ಶುರು ಮಾಡಿದವರು ಆ ಮಾತನ್ನು ಮುಗಿಸಲಿಲ್ಲ. ನಿಮ್ಮ ವಿಷಯ ಸೋಮವಾರ ಎಂದು ಫೋನ್ ಇಟ್ಟರು.

ಸ್ಕ್ಯಾನ್ ಕೋಣೆಯ ಗಾಜಿನ ಈಚೆ, ಯಂತ್ರ ನಡೆಸುವವನ ಪಕ್ಕದಲ್ಲಿ ಅವಳು ನಿಂತಳು. ಆಚೆ ಬೀಗದಣ್ಣನನ್ನು ಹಲಗೆಯ ಮೇಲೆ ಮಲಗಿಸಿ ಒಳಕ್ಕೆ ಸರಿಸಿದ್ದರು. ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಅತ್ತೆ ಹೊರಗಿನ ಬೆಂಚಿನಲ್ಲಿ ಅವನ ಉಂಗುರ, ತಂತಿ, ಕಡ್ಡಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಂತ್ರ ಗುಡುಗುಟ್ಟಿತು, ನಿಂತಿತು, ಮತ್ತೆ ಗುಡುಗುಟ್ಟಿತು. 

ಪರದೆಯ ಮೇಲೆ ಚಿತ್ರ ಮೂಡಿತು. ಎರಡು ವರ್ಷದಲ್ಲಿ ಮೊದಲ ಸಲ ಅವಳೆದುರಿನ ಬೆನ್ನಿಗೆ ಹೆಸರಿತ್ತು, ವಯಸ್ಸಿತ್ತು, ಈ ದಿನದ ತಾರೀಖಿತ್ತು. ಕೆಳಗೆ ಅಂಟಿದ ಎರಡು ಮೂಳೆ. ಅವುಗಳ ಮೇಲೆ ಗಾಯ, ಗಾಯದ ಪಕ್ಕದಲ್ಲಿ ಒಳ್ಳೆಯ ಅಗಲದ ಸೇತುವೆ. ಅಲ್ಲಿಂದ ಬಿಳಿ ಗೆರೆ ಹೊರಟಿತ್ತು. ಅವಳು ಬೆರಳಿಟ್ಟು ಎಣಿಸುತ್ತ ಹೋದಳು. ಎದೆಯ ಮೂರು, ಎರಡು, ಒಂದು. ಕತ್ತಿನ ಏಳು. ಗೆರೆ ಅಲ್ಲಿ ನಿಂತಿರಲಿಲ್ಲ. ಅದು ಆರನೇ ಮೂಳೆಯನ್ನೂ ದಾಟಿ ಐದನೆಯದರ ಅಂಚಿಗೆ ಚೂಪಾಗಿ ತಾಗಿತ್ತು. ಉಸಿರಿನ ನರದ ನಾಲ್ಕನೆಯದಕ್ಕೂ ಅದಕ್ಕೂ ನಡುವೆ ಇದ್ದದ್ದು ಒಂದೇ ಮೂಳೆ.

ಸ್ಪೀಕರಿನಲ್ಲಿ ಅವನ ದನಿ ಬಂತು. ಕೊಳವೆಯ ಒಳಗಿನಿಂದ ಬಂದದ್ದರಿಂದ ಬೇರೆ ಯಾರದೋ ದನಿಯಂತಿತ್ತು.

"ಅಕ್ಕಾ, ಇದೀರಾ? ಎಲ್ಲಿವರೆಗೆ ಬಂದಿದೆ?"

ಯಂತ್ರ ನಡೆಸುವವನು ಅವಳ ಮುಖ ನೋಡಿದ. ಆ ಕೋಣೆಗೂ ಒಂದು ನಿಯಮವಿತ್ತು. ಒಳಗಿರುವವರಿಗೆ ಅಲುಗಾಡಬೇಡಿ ಎನ್ನಬೇಕು, ಇನ್ನು ಇಷ್ಟು ನಿಮಿಷ ಎನ್ನಬೇಕು, ಚಿತ್ರದ ಬಗ್ಗೆ ಒಂದಕ್ಷರ ಆಡಬಾರದು. ಒಂದು ನಿಯಮ ಮುರಿದು ಸುಳ್ಳು ಹೇಳಿದ್ದಳು. ಇನ್ನೊಂದನ್ನು ಹಿಡಿದುಕೊಂಡು ನಿಜವನ್ನು ನುಂಗುವುದು ಅವಳಿಂದಾಗಲಿಲ್ಲ. ಗುಂಡಿ ಒತ್ತಿದಳು.

"ಕತ್ತಿನ ಐದನೇ ಮೂಳೆಗೆ ಬಂದಿದೆ, ಬೀಗದಣ್ಣ. ಬೆರಳಿನ ಜಾಗ ದಾಟಿದೆ."

ಗಾಜಿನಾಚೆ ಪಾದಗಳು ಎಂದಿನಂತೆ ಸುಮ್ಮನಿದ್ದವು. ಆಮೇಲೆ ಯಂತ್ರ ನಡೆಸುವವನು ಇನ್ನೊಂದು ಸರಣಿ ಚಿತ್ರ ಬೇಕು, ಕತ್ತಿನದು, ನಾಲ್ಕು ನಿಮಿಷ ಎಂದ. ಅವಳು ಅದನ್ನು ಒಳಗೆ ಹೇಳಿದಳು.

"ಆಗ್ಲಿ," ಎಂದ ಬೀಗದಣ್ಣ. ದನಿ ಸಣ್ಣಗಾಗಿತ್ತು. "ಅಲುಗಾಡಲ್ಲ. ಉಸಿರು ಹಿಡ್ಕೋಬೇಕಾ ಅಕ್ಕಾ?"

ಅವಳ ಬೆರಳು ಗುಂಡಿಯ ಮೇಲೇ ಇತ್ತು. ಸುಟ್ಟ ಅಂಗೈ ಉರಿಯುತ್ತಿತ್ತು.

"ಬೇಡ," ಎಂದಳು. "ಉಸಿರಾಡ್ತಾ ಇರಿ."